ತುಂಗೆಯ ದಡದಲ್ಲಿ ಮೂರನೆಯ ತಂತಿ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ದಾರಿ. ತುಂಗೆ ಇಳಿದು ಬರುತ್ತಾಳೆ, ನಾವು ಅವಳಿಗೆ ಎದುರಾಗಿ ಏರುತ್ತ ಹೋಗಬೇಕು. ಗಾಜನೂರು ಅಣೆಕಟ್ಟು ದಾಟಿದರೆ ಸಕ್ರೆಬೈಲಿನ ಆನೆ ಬಿಡಾರ. ಅಲ್ಲಿಂದ ಮುಂದೆ ಮಂಡಗದ್ದೆ. ಮಳೆಗಾಲದಲ್ಲಿ ಅಲ್ಲಿನ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಸಂಸಾರ ಹೂಡಿ ಗಲಾಟೆ ಎಬ್ಬಿಸಿರುತ್ತವೆ. ಜನವರಿಯಲ್ಲಿ ಆ ಮರಗಳು ಮೌನ. ಈ ದಾರಿಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆದರೆ 2024ರ ಜನವರಿ ಎರಡನೆಯ ವಾರ, ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿಗೆ ಹೋದದ್ದು ಮಾತ್ರ ಸಾಮಾನು ಸಾಗಿಸುವ ಟೆಂಪೊದ ಮುಂದಿನ ಸೀಟಿನಲ್ಲಿ, ಕಾಲ ಬಳಿ ಸ್ಪ್ಯಾನರು, ಇಕ್ಕಳಗಳ ಡಬ್ಬಿ ಇಟ್ಟುಕೊಂಡು.

ಟೆಂಪೊ ನನ್ನ ಹಳೆಯ ವಿದ್ಯಾರ್ಥಿಯದು. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಅವನಿಗೆ ಬಂದ ಅಂಕ ಇಲ್ಲಿ ಬೇಡ. ಈಗ ನಲವತ್ತರ ಆಸುಪಾಸಿನ ಗೃಹಸ್ಥ. ಸುತ್ತಿನ ತಾಲ್ಲೂಕುಗಳಲ್ಲಿ ಎಲ್ಲಿ ರಸಮಂಜರಿ ನಡೆದರೂ ಧ್ವನಿವ್ಯವಸ್ಥೆಗೆ ಅವನನ್ನೇ ಕರೆಯುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವನು, “ಸಾರ್, ಒಂದಿನ ಬಂದು ನೋಡಿ. ಪಾಠದಲ್ಲಿ ಹೇಳಿದ್ದೆಲ್ಲ ಅಲ್ಲಿ ಇರತ್ತೆ” ಎಂದ. ಅದು ಆಹ್ವಾನವೋ ಚುಚ್ಚೋ ಆಗ ತಿಳಿಯಲಿಲ್ಲ. ಹೊರಟುಬಿಟ್ಟೆ.

ಊರು, ನದಿ, ಗದ್ದೆ

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯನ್ನು ಮಲೆನಾಡಿನವರಿಗೆ ಪರಿಚಯಿಸಬೇಕಿಲ್ಲ. ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಇಲ್ಲಿನ ನೀರಿನಲ್ಲಿ ಹೋಯಿತೆಂಬುದು ಸ್ಥಳಪುರಾಣ. ಅಮಾವಾಸ್ಯೆಯ ದಿನ ರಾಮತೀರ್ಥದಲ್ಲಿ ಸ್ನಾನ, ಮರುದಿನ ರಾಮೇಶ್ವರ ದೇವರ ರಥ, ಮೂರನೆಯ ದಿನ ತುಂಗೆಯಲ್ಲಿ ತೆಪ್ಪೋತ್ಸವ. ಆ ದಿನಗಳಲ್ಲಿ ಪೇಟೆಯ ತುಂಬ ಬಳೆ ಅಂಗಡಿ, ಮಿಠಾಯಿ ಅಂಗಡಿ, ತಿರುಗುವ ತೊಟ್ಟಿಲು.

ನಾವು ಹೋದದ್ದು ಜಾತ್ರೆಯ ಗದ್ದಲಕ್ಕಲ್ಲ. ಪೇಟೆಯಿಂದ ಸ್ವಲ್ಪ ಹೊರಗೆ, ಹೊಳೆಗೆ ಸಮೀಪದ ಒಂದು ಗದ್ದೆಗೆ. ಕೊಯ್ಲು ಮುಗಿದು ಕೂಳೆ ಉಳಿದಿತ್ತು. ಗದ್ದೆಯ ಒಂದು ಬದಿಗೆ ಅಡಿಕೆ ತೋಟ, ತೋಟದಂಚಿಗೆ ಬಸಿಗಾಲುವೆ. ಜಾತ್ರೆಗೆ ಬಂದ ನೆಂಟರಿಷ್ಟರಿಗಾಗಿ ಅಲ್ಲಿನ ಹುಡುಗರು ತಾವೇ ಹಣ ಕೂಡಿಸಿ ಒಂದು ಸಂಜೆಯ ರಸಮಂಜರಿ ಇಟ್ಟುಕೊಂಡಿದ್ದರು. ಮರದ ಹಲಗೆಯ ವೇದಿಕೆ, ಮೇಲೆ ತಗಡು, ಹಿಂದೆ ನೀಲಿ ಪರದೆ. ಕೀಬೋರ್ಡ್, ಗಿಟಾರು ಎರಡು, ತಬಲಾ, ಢೋಲಕ್, ರಿದಮ್ ಪ್ಯಾಡ್, ಹಾಡುವವರು ನಾಲ್ವರು.

ಪೆಟ್ಟಿಗೆಯೊಳಗೆ ಏನಿದೆ

ಟೆಂಪೊದಿಂದ ಮೊದಲು ಇಳಿದದ್ದು ಸ್ಪೀಕರುಗಳಲ್ಲ, ಚಕ್ರವಿರುವ ಎರಡು ಪೆಟ್ಟಿಗೆಗಳು. ಪ್ಲೈವುಡ್ಡಿನ ಮೈ, ಅಂಚಿಗೆ ಅಲ್ಯುಮಿನಿಯಂ ಪಟ್ಟಿ. ಮುಂದಿನ, ಹಿಂದಿನ ಮುಚ್ಚಳ ತೆಗೆದರೆ ಒಳಗೆ ಪುಸ್ತಕದ ಕಪಾಟಿನ ಹಾಗೆ ಒಂದರ ಮೇಲೊಂದು ಯಂತ್ರಗಳು. ಇದಕ್ಕೆ ರ್ಯಾಕ್ ಎನ್ನುತ್ತಾರೆ. ಸಭಿಕರು ನೋಡುವುದು ಗಾಯಕರನ್ನು, ಕೇಳುವುದು ಸ್ಪೀಕರನ್ನು. ನಡುವಿನ ಕೆಲಸ ಮಾಡುವ ಈ ಪೆಟ್ಟಿಗೆಗಳು ಪರದೆಯ ಹಿಂದೆಯೇ ಇರುತ್ತವೆ.

ನನ್ನ ಜೇಬಿನ ಟೇಪಿನಿಂದ ಅಳೆದೆ. ಯಾವ ಕಂಪನಿಯ ಯಂತ್ರವಾದರೂ ಮುಂಭಾಗದ ಅಗಲ 19 ಅಂಗುಲ, ಅಂದರೆ 482.6 ಮಿ.ಮೀ. ಎತ್ತರ 44.45 ಮಿ.ಮೀ., ಇಲ್ಲವೇ ಅದರ ಎರಡು ಪಟ್ಟು, ಮೂರು ಪಟ್ಟು. 1920ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆಂದು ಗೊತ್ತುಮಾಡಿದ ಅಳತೆ ಇದು. ನೂರು ವರ್ಷದ ಮೇಲೆ ತುಂಗೆಯ ದಡದ ಗದ್ದೆಯಲ್ಲಿಯೂ ಅದೇ ಅಳತೆ! ಒಂದು ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಇನ್ನೊಂದನ್ನು ಕೂರಿಸಬಹುದು.

ದೊಡ್ಡ ಪೆಟ್ಟಿಗೆಯಲ್ಲಿ ನಾಲ್ಕು ಪವರ್ ಆಂಪ್ಲಿಫೈಯರುಗಳು. ಚಿಕ್ಕದರಲ್ಲಿ ತಂತಿಯಿಲ್ಲದ ಮೈಕುಗಳ ರಿಸೀವರುಗಳು, ಶಬ್ದವನ್ನು ಮಂದ್ರ, ಮಧ್ಯ, ತಾರ ಎಂದು ವಿಂಗಡಿಸಿ ಬೇರೆ ಬೇರೆ ಸ್ಪೀಕರುಗಳಿಗೆ ಹಂಚುವ ಪ್ರೊಸೆಸರ್, ಎಲ್ಲಕ್ಕೂ ಕರೆಂಟು ಕೊಡುವ ಬೋರ್ಡು.

“ಜೋಡಿಸೋದ್ರಲ್ಲಿ ಎಂಥ ಲೆಕ್ಕ ಇದೆಯಪ್ಪ?” ಎಂದೆ.

“ಭಾರದ್ದು ಕೆಳಗೆ ಸಾರ್. ಇಲ್ದಿದ್ರೆ ಆಗುಂಬೆ ಘಾಟಿ ತಿರುವಿನಲ್ಲಿ ಪೆಟ್ಟಿಗೆ ಮಗುಚತ್ತೆ.”

ಗುರುತ್ವಕೇಂದ್ರದ ಪಾಠಕ್ಕೆ ನಾನು ವರ್ಷಗಟ್ಟಲೆ ಕೊಟ್ಟ ಉದಾಹರಣೆ ಪೀಸಾದ ವಾಲುಗೋಪುರ. ಆಗುಂಬೆ ಘಾಟಿ ಪಕ್ಕದಲ್ಲೇ ಇತ್ತು.

ಇನ್ನಷ್ಟು ಹೇಳಿದ. ಆಂಪ್ಲಿಫೈಯರನ್ನು ಮುಂದಿನ ಸ್ಕ್ರೂಗಳ ಮೇಲಷ್ಟೇ ನೇತುಹಾಕಬಾರದು, ಹಿಂಬದಿಗೂ ಆಸರೆ ಬೇಕು. ಫ್ಯಾನು ಗಾಳಿ ಎಳೆಯುವ ದಿಕ್ಕು ಎಲ್ಲದರಲ್ಲೂ ಒಂದೇ ಇರಬೇಕು, ಇಲ್ಲವಾದರೆ ಒಂದು ಉಗುಳಿದ ಬಿಸಿಗಾಳಿಯನ್ನು ಇನ್ನೊಂದು ನುಂಗುತ್ತದೆ. ಕರೆಂಟಿನ ತಂತಿಗಳು ಪೆಟ್ಟಿಗೆಯ ಒಂದು ಬದಿಯಲ್ಲಿ, ಧ್ವನಿಯ ತಂತಿಗಳು ಇನ್ನೊಂದು ಬದಿಯಲ್ಲಿ. ಎರಡೂ ಸಂಧಿಸಲೇಬೇಕಾದ ಕಡೆ ಒಂದನ್ನೊಂದು ನೇರವಾಗಿ ಅಡ್ಡ ಹಾಯಬೇಕು, ಜೊತೆಜೊತೆಗೆ ಹರಿಯಬಾರದು. ಪಕ್ಕಪಕ್ಕ ಮಲಗಿಸಿದರೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಧ್ವನಿಯ ತಂತಿಗೆ ಹತ್ತುತ್ತದೆ.

ಮೈಕಿನ ತಂತಿಯಲ್ಲಿ ಮತ್ತೊಂದು ಜಾಣತನವಿದೆ. ಒಳಗೆ ಎರಡು ಎಳೆ. ಒಂದರಲ್ಲಿ ಧ್ವನಿಯ ಸಂಕೇತ ನೇರವಾಗಿ, ಇನ್ನೊಂದರಲ್ಲಿ ಅದೇ ಸಂಕೇತ ತಲೆಕೆಳಗಾಗಿ ಹೋಗುತ್ತದೆ. ದಾರಿಯಲ್ಲಿ ಹತ್ತಿಕೊಳ್ಳುವ ಗದ್ದಲ ಮಾತ್ರ ಎರಡಕ್ಕೂ ಒಂದೇ ತೆರ. ಕೊನೆಯಲ್ಲಿ ಯಂತ್ರ ಒಂದರಿಂದ ಒಂದನ್ನು ಕಳೆಯುತ್ತದೆ. ಗದ್ದಲ ಗದ್ದಲಕ್ಕೆ ವಜಾ, ಹಾಡು ಇಮ್ಮಡಿ. ಅಡಿಕೆ ಮಂಡಿಯಲ್ಲಿ ಒಟ್ಟು ತೂಕದಿಂದ ಚೀಲದ ತೂಕ ಕಳೆಯುವಂತೆ!

ಮೀಟರಿನ ಮುಳ್ಳು

ಮಧ್ಯಾಹ್ನ ಎರಡರ ಹೊತ್ತಿಗೆ ತಂತಿ ಎಳೆಯುವುದು ಮುಗಿಯಿತು. ಇನ್ನು ಸ್ವಿಚ್ ಹಾಕುವುದೊಂದೇ ಬಾಕಿ ಎಂದು ನಾನು ಎಣಿಸಿದ್ದೆ. ಹುಡುಗ ಹಾಕಲಿಲ್ಲ. ಒಂದು ಮುಳ್ಳಿನ ಮಲ್ಟಿಮೀಟರು ತೆಗೆದು ವೇದಿಕೆಯ ಹಿಂದಿನ ಬೋರ್ಡಿನ ಬಳಿ ಕುಕ್ಕರಗಾಲಲ್ಲಿ ಕುಳಿತ. ಫೇಸು, ನ್ಯೂಟ್ರಲ್ ನಡುವೆ 230 ವೋಲ್ಟ್, ಸರಿ. ಮೂರನೆಯ ತೂತಿಗೂ ಫೇಸಿಗೂ ನಡುವೆ ನೋಡಿದ. ಮುಳ್ಳು ಅಲುಗಲಿಲ್ಲ.

ದೀಪಾಲಂಕಾರದವರು ಮೀಟರ್ ಬೋರ್ಡಿನಿಂದ ವೇದಿಕೆಗೆ ಎಳೆದ ಕೇಬಲಿನಲ್ಲಿ ಎರಡೇ ತಂತಿ ಇದ್ದವು. ಸಾಕೆಟ್ಟಿಗೆ ಮೂರು ತೂತುಗಳಿದ್ದರೂ ಮೂರನೆಯದರ ಹಿಂದೆ ಏನೂ ಇಲ್ಲ. ನೋಡುವ ಕಣ್ಣಿಗೆ ಅದು ಸಂಪೂರ್ಣ ಸಾಕೆಟ್ಟು.

“ಇದಕ್ಕೇ ಪೆಟ್ಟಿಗೆ ಹಾಕಿದ್ರೆ ಏನಾಗತ್ತೆ ತೋರಿಸ್ತೀನಿ ನೋಡಿ” ಎಂದು ಚಿಕ್ಕ ರ್ಯಾಕನ್ನು ಮಾತ್ರ ಅದಕ್ಕೆ ಕೊಟ್ಟು, ಒದ್ದೆ ನೆಲಕ್ಕೆ ಒಂದು ಕಬ್ಬಿಣದ ಗೂಟ ಹೊಡೆದು, ಗೂಟಕ್ಕೂ ಪೆಟ್ಟಿಗೆಯ ಲೋಹದ ಮೈಗೂ ಮೀಟರು ಹಿಡಿದ. ಮುಳ್ಳು ನೂರರ ಹತ್ತಿರ ಹೋಗಿ ನಿಂತಿತು.

ಯಂತ್ರ ಕೆಟ್ಟಿರಲಿಲ್ಲ. ಇಂದಿನ ಹಗುರ ಯಂತ್ರಗಳ ಕರೆಂಟಿನ ಬಾಗಿಲಲ್ಲಿ ಗದ್ದಲ ಸೋಸುವ ಪುಟ್ಟ ಕೆಪಾಸಿಟರುಗಳಿರುತ್ತವೆ. ಒಂದು ಫೇಸಿನಿಂದ ಮೈಗೆ, ಇನ್ನೊಂದು ನ್ಯೂಟ್ರಲಿನಿಂದ ಮೈಗೆ. ಅರ್ಥಿಂಗ್ ಇದ್ದರೆ ಅಲ್ಲಿ ಜಿನುಗುವ ಅಲ್ಪ ಕರೆಂಟು ಭೂಮಿಗೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಯಂತ್ರದ ಮೈ 230ರ ಅರ್ಧದ ಸುತ್ತ ತೇಲುತ್ತದೆ. ಮುಟ್ಟಿದರೆ ಇರುವೆ ಕಚ್ಚಿದಂತೆ ಚುರುಕ್ ಎನ್ನುತ್ತದೆ, ಅಷ್ಟೆ. ಅಷ್ಟೆ ಎಂದೇ ಎಲ್ಲರೂ ಸುಮ್ಮನಿರುತ್ತಾರೆ. ನಿಜವಾಗಿ ಒಂದು ದಿನ ಯಂತ್ರದೊಳಗೆ ಫೇಸ್ ತಂತಿ ಸುಲಿದು ಮೈಗೆ ತಾಗಿದರೆ ಆಗಲೂ ಹೊರಗೆ ಏನೂ ಗೊತ್ತಾಗುವುದಿಲ್ಲ. ಮೈಕಿನ ಲೋಹದ ಜಾಲರಿಯವರೆಗೂ ಅದೇ ಮೈ. ಗಾಯಕರ ತುಟಿ ಇರುವುದು ಅಲ್ಲಿಯೇ.

ಹುಡುಗ ಕರೆಂಟು ಆರಿಸಿ ಎದ್ದ. ಆಯೋಜಕರಲ್ಲಿ ಹಿರಿಯರೊಬ್ಬರು ಬಂದರು. “ಎಂಥ ಮಾರಾಯ, ಪ್ರತಿ ವರ್ಷ ಇದೇ ಬೋರ್ಡಿನಲ್ಲಿ ಆಗಿದೆ. ಏಳು ಗಂಟೆಗೆ ಸುರು ಆಗ್ಬೇಕು.”

“ಆಗತ್ತೆ ಅಣ್ಣಾ. ಒಂದು ಗಂಟೆ ಕೊಡಿ. ಅಲ್ಲಿ ತನಕ ಸ್ವಿಚ್ ಹಾಕೋದಿಲ್ಲ.”

ದನಿ ಏರಿಸದೆ ಹೇಳಿದ. ಆದರೆ ಅದರಲ್ಲಿ ಚೌಕಾಸಿಗೆ ಜಾಗವಿರಲಿಲ್ಲ.

ಗದ್ದೆಯಲ್ಲೊಂದು ಓಮ್‌ನ ನಿಯಮ

ಟೆಂಪೊದಿಂದ ತಾಮ್ರದ ಲೇಪವಿರುವ ಆಳೆತ್ತರದ ಉಕ್ಕಿನ ಸರಳು ಬಂತು. ಎಲ್ಲಿ ಹೊಡೆಯುವುದು? ಹೊಳೆ ಹತ್ತಿರ ಎಂದು ಮರಳಿಗೆ ಹೋಗಲಿಲ್ಲ. ಮೇಲಿನ ಒಣಮರಳು ಕರೆಂಟಿಗೆ ಸುಲಭದ ದಾರಿಯಲ್ಲ, ಕೆಳಗೆ ಬಂಡೆ ಬೇರೆ. ಗದ್ದೆಯ ನಡುವೆ ನೆಲ ಬಿರುಕು ಬಿಟ್ಟಿತ್ತು. ಬಸಿಗಾಲುವೆಯ ಅಂಚಿನ ಕಪ್ಪು ಮಣ್ಣು ಅವನಿಗೆ ಒಪ್ಪಿಗೆಯಾಯಿತು. ಜನ ಓಡಾಡದ ಜಾಗ ಬೇರೆ. ಸುತ್ತಿಗೆಯಿಂದ ಸರಳನ್ನು ಪೂರ್ತಿ ಇಳಿಸಿ, ಉಪ್ಪು ಕಲಸಿದ ನೀರು ಎರಡು ಕೊಡ ಹೊಯ್ದು, ದಪ್ಪನೆಯ ಹಸಿರು ತಂತಿಯನ್ನು ಹಿಡಿಕೆಯಿಂದ ಬಿಗಿದು ರ್ಯಾಕಿನ ಬೋರ್ಡಿಗೆ ತಂದ.

ನನಗೆ ಅನುಮಾನ. ಒಂದು ಸರಳು ಸಾಕೇ? ಕಾರ್ಯಕ್ರಮದ ಕರಪತ್ರದ ಹಿಂದೆ ಇಬ್ಬರೂ ಲೆಕ್ಕ ಮಾಡಿದೆವು. ಸರಳಿಗೂ ಭೂಮಿಗೂ ನಡುವಿನ ರೋಧ 100 ಓಮ್ ಎಂದೇ ಇಟ್ಟುಕೊಳ್ಳೋಣ. ಯಂತ್ರದ ಮೈಗೆ ಫೇಸ್ ತಾಗಿದರೆ ಹರಿಯುವ ಕರೆಂಟು 230ನ್ನು 100ರಿಂದ ಭಾಗಿಸಿದಷ್ಟು, 2.3 ಆಂಪಿಯರ್. 32 ಆಂಪಿಯರಿನ ಸಾಮಾನ್ಯ ಬ್ರೇಕರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ಸರಳೊಂದರಿಂದಲೇ ಯಾರೂ ಉಳಿಯುವುದಿಲ್ಲ!

“ಅದಕ್ಕೇ ಇದು” ಎಂದು ರ್ಯಾಕಿನ ಅಡಿಯಲ್ಲಿದ್ದ ಬಿಳಿ ಡಬ್ಬಿ ತೋರಿಸಿದ. ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸು ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. ಲೆಕ್ಕದಲ್ಲಿ 30 ಮಿಲಿ ಆಂಪಿಯರ್ ಕಡಿಮೆ ಬಿದ್ದರೆ, ಅಂದರೆ 0.03 ಆಂಪಿಯರ್ ಬೇರೆ ದಾರಿ ಹಿಡಿದರೆ, ಕಣ್ಣುಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ಮನುಷ್ಯನ ಗುಂಡಿಗೆಗೆ ಅಪಾಯ ಸುರುವಾಗುವುದು ಹೆಚ್ಚುಕಡಿಮೆ ಆ ಅಳತೆಯಿಂದಲೇ. ನಮ್ಮ ಸರಳು 2.3 ಆಂಪಿಯರಿಗೆ ದಾರಿ ಕೊಡಬಲ್ಲದು, ಬೇಕಾದದ್ದಕ್ಕಿಂತ ಎಪ್ಪತ್ತು ಪಟ್ಟು ಹೆಚ್ಚು. ಸರಳು ಮತ್ತು ಡಬ್ಬಿ, ಎರಡೂ ಸೇರಿದರೆ ರಕ್ಷಣೆ. ಡಬ್ಬಿಯ ಮೇಲಿನ ಪರೀಕ್ಷೆಯ ಗುಂಡಿ ಒತ್ತಿದ. ಟಕ್ ಎಂದು ಬಿತ್ತು. ಎತ್ತಿಟ್ಟು ಮತ್ತೆ ಮೀಟರು ಹಿಡಿದ. ನೂರರ ಬಳಿ ಇದ್ದ ಮುಳ್ಳು ಸೊನ್ನೆಗೆ ಒರಗಿತ್ತು.

1998ರ ಒಂದು ಸಂಜೆ

ಸ್ವಿಚ್ ಹಾಕುವುದಕ್ಕೂ ಕ್ರಮವಿದೆ. ಮೊದಲು ಮಿಕ್ಸರ್, ಆಮೇಲೆ ಪ್ರೊಸೆಸರ್, ಕಟ್ಟಕಡೆಗೆ ಆಂಪ್ಲಿಫೈಯರ್. ಆರಿಸುವಾಗ ಆಂಪ್ಲಿಫೈಯರೇ ಮೊದಲು. ತಪ್ಪಿದರೆ ಮಿಕ್ಸರಿನ ಧಡಕ್ಕು ನೂರು ಪಟ್ಟಾಗಿ ಸ್ಪೀಕರಿನ ಎದೆಗೆ ಬೀಳುತ್ತದೆ. ನಾಲ್ಕೂವರೆಗೆ ಎಲ್ಲವೂ ಎದ್ದು ನಿಂತವು. ಮೈಕು ಸ್ವಚ್ಛ, ತಬಲಾ ಸ್ವಚ್ಛ. ಕೀಬೋರ್ಡಿನ ತಂತಿ ಸೇರಿಸಿದ್ದೇ ತಡ, ಗುಂಯ್!

ಕೀಬೋರ್ಡಿನವರು ನುರಿತವರು. “ಎಲ್ಲ ಕಡೆ ಹಿಂಗೇ ಆಗತ್ತೆ. ನನ್ನ ಪ್ಲಗ್ಗಿನ ಅರ್ಥ್ ಪಿನ್ ತೆಗೆದ್ಬಿಡಿ, ನಿಂತುಹೋಗತ್ತೆ” ಎಂದರು.

ಹುಡುಗ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

ಈಗ ಹೇಳಬೇಕು. 1998ರಲ್ಲಿ ನಾನು ಆಗ ಇದ್ದ ಶಾಲೆಯ ವಾರ್ಷಿಕೋತ್ಸವ. ವಿಜ್ಞಾನದ ಮೇಷ್ಟ್ರಾದ್ದರಿಂದ ಮೈಕಿನ ಉಸ್ತುವಾರಿ ನನ್ನದು. ಟೇಪ್ ರೆಕಾರ್ಡರ್ ಸೇರಿಸಿದ ಕೂಡಲೆ ಇದೇ ಗುಂಯ್. ಮುಖ್ಯ ಅತಿಥಿ ಬಂದಾಗಿತ್ತು. ನಾನೇ ಮುಂದಾಗಿ ಆಂಪ್ಲಿಫೈಯರಿನ ಪ್ಲಗ್ಗು ಬಿಚ್ಚಿ ಹಸಿರು ತಂತಿಯನ್ನು ಕತ್ತರಿಸಿದೆ. ಸದ್ದು ನಿಂತಿತು. ಸಹೋದ್ಯೋಗಿಗಳು ಭೇಷ್ ಎಂದರು. ಒಂದು ಗಂಟೆಯ ಮೇಲೆ, ಇಬ್ಬನಿ ಬಿದ್ದು ಒದ್ದೆಯಾದ ನೆಲದಲ್ಲಿ ಬರಿಗಾಲಲ್ಲಿ ನಿಂತು ಹಾಡುತ್ತಿದ್ದ ಏಳನೆಯ ತರಗತಿಯ ಹುಡುಗಿ ಕಿರುಚಿ ಮೈಕು ಬಿಟ್ಟಳು. ಅದೃಷ್ಟ, ಕೈ ಬಿಡಿಸಿಕೊಳ್ಳಲು ಆಯಿತು. ಅರ್ಧ ಗಂಟೆ ಬೆರಳು ಜೋಮು ಹಿಡಿದಿತ್ತು. “ಹೆದರಿದ್ದಾಳೆ, ಬೇರೇನಿಲ್ಲ” ಎಂದು ಎಲ್ಲರಿಗೂ ಹೇಳಿದವನು ನಾನೇ.

ಆ ದಿನ ವೈರು ಸುತ್ತಲು ನನ್ನ ಜೊತೆಗಿದ್ದವನು ಈ ಹುಡುಗ. ಮರುದಿನ ತರಗತಿಯಲ್ಲಿ ಎದ್ದು ನಿಂತು, “ಸಾರ್, ಆ ಹಸಿರು ತಂತಿ ಇದ್ದಿದ್ರೆ ಅವಳಿಗೆ ಶಾಕ್ ಹೊಡೀತಿತ್ತಾ?” ಎಂದು ಕೇಳಿದ್ದ. “ಪಾಠಕ್ಕೆ ಸಂಬಂಧ ಇಲ್ಲದ್ದು ಕೇಳ್ಬೇಡ, ಕೂತ್ಕೋ” ಎಂದಿದ್ದೆ. ಆ ವಾರ ಬೋರ್ಡಿನ ಮೇಲೆ ಇದ್ದ ಪಾಠ ಗೃಹಬಳಕೆಯ ವಿದ್ಯುತ್ತು.

ಗದ್ದೆಯಲ್ಲಿ ಅವನು ಅದನ್ನು ಎತ್ತಲಿಲ್ಲ. ಕೀಬೋರ್ಡಿನವರ ಕಡೆ ತಿರುಗಿ, “ಪಿನ್ ತೆಗೆಯೋದು ಬೇಡ ಸಾರ್, ಬೇರೆ ದಾರಿ ಇದೆ” ಎಂದು ಅಂಗೈಯಗಲದ ಒಂದು ಡಬ್ಬಿ ತಂದ. ಡಿ.ಐ. ಬಾಕ್ಸ್. ಕೀಬೋರ್ಡಿನಿಂದ ಭೂಮಿಗೆ ಎರಡು ದಾರಿಗಳಾಗಿದ್ದವು. ತನ್ನದೇ ಪ್ಲಗ್ಗಿನ ಮೂಲಕ ಒಂದು, ಧ್ವನಿಯ ತಂತಿಯ ಹೊರಜಾಲರಿಯಿಂದ ಮಿಕ್ಸರಿಗೆ ಹೋಗಿ ಅದರ ಪ್ಲಗ್ಗಿನ ಮೂಲಕ ಇನ್ನೊಂದು. ಎರಡೂ ಸೇರಿ ಒಂದು ದೊಡ್ಡ ಬಳೆ. ಸುತ್ತಲಿನ ಕರೆಂಟು ತಂತಿಗಳ ಬದಲಾಗುವ ಕಾಂತಕ್ಷೇತ್ರ ಆ ಬಳೆಯಲ್ಲಿ ಕರೆಂಟು ಹುಟ್ಟಿಸುತ್ತದೆ. ಫ್ಯಾರಡೆಯ ಪ್ರಯೋಗವೇ! ಬಳೆಯನ್ನು ಎಲ್ಲಿಯಾದರೂ ಒಡೆದರೆ ಸಾಕು. ಪ್ರಶ್ನೆ ಇರುವುದು ಎಲ್ಲಿ ಒಡೆಯುವುದು ಎಂಬುದರಲ್ಲಿ. ಡಬ್ಬಿಯ ಪಕ್ಕದ ಸ್ವಿಚ್ಚು ಧ್ವನಿಯ ತಂತಿಯ ಜಾಲರಿಯನ್ನು ಮಾತ್ರ ಬಿಡಿಸುತ್ತದೆ. ಜೀವ ಕಾಯುವ ಮೂರನೆಯ ತಂತಿ ತನ್ನ ಜಾಗದಲ್ಲೇ ಇರುತ್ತದೆ. ಸ್ವಿಚ್ ಸರಿಸಿದ. ಗುಂಯ್ ನಿಂತಿತು.

1998ರಲ್ಲಿ ನಾನೂ ಬಳೆಯನ್ನೇ ಒಡೆದಿದ್ದೆ. ಒಡೆದ ಜಾಗ ತಪ್ಪಾಗಿತ್ತು.

“ಶಾಕ್ ಹೊಡೀತಿರ್ಲಿಲ್ಲ ಕಣೋ” ಎಂದೆ. ಯಾವುದರ ಬಗ್ಗೆ ಎಂದು ಅವನು ಕೇಳಲಿಲ್ಲ. “ಗೊತ್ತು ಸಾರ್” ಎಂದು ವೈರು ಸುತ್ತತೊಡಗಿದ.

ಚಳಿ, ಹಾಡು, ಹತ್ತು ಗಂಟೆ

ಏಳಕ್ಕೆ ಸರಿಯಾಗಿ ಸುರುವಾಯಿತು. ಗದ್ದೆ ಉದ್ದವಾದ್ದರಿಂದ ವೇದಿಕೆಯಿಂದ 40 ಮೀಟರ್ ದೂರದಲ್ಲಿ ಇನ್ನೊಂದು ಜೋಡಿ ಸ್ಪೀಕರು ನಿಲ್ಲಿಸಿದ್ದ. ತಂತಿಯಲ್ಲಿ ಹಾಡು ಅಲ್ಲಿಗೆ ತಕ್ಷಣ ತಲುಪುತ್ತದೆ, ಗಾಳಿಯಲ್ಲಿ ನಿಧಾನ. ಹಾಗೇ ಬಿಟ್ಟರೆ ಹಿಂದೆ ಕುಳಿತವರಿಗೆ ಒಂದೇ ಪದ ಎರಡು ಸಲ ಕೇಳುತ್ತದೆ. ಆದ್ದರಿಂದ ಪ್ರೊಸೆಸರಿನಲ್ಲಿ ಆ ಜೋಡಿಯನ್ನು 115 ಮಿಲಿ ಸೆಕೆಂಡು ತಡ ಮಾಡಿದ. ಶಬ್ದದ ವೇಗ ಉಷ್ಣತೆಯೊಂದಿಗೆ ಬದಲಾಗುತ್ತದೆಂದು ಪಾಠ ಮಾಡುತ್ತೇವೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಒಂಬತ್ತರ ಹೊತ್ತಿಗೆ ಚಳಿ ಇಳಿದಾಗ ಅವನು ಆ 115ನ್ನು 117 ಮಾಡಿದ್ದನ್ನು ಕಣ್ಣಾರೆ ನೋಡಿದೆ. ಕೇಳುಗರಲ್ಲಿ ಯಾರಿಗೂ ವ್ಯತ್ಯಾಸ ತಿಳಿದಿರಲಾರದು.

ಮತ್ತೊಂದನ್ನೂ ಮಾಡಿದ. ಮಂದ್ರದ ಸ್ಪೀಕರುಗಳ ಮಟ್ಟ ಇಳಿಸಿದ. ಹಗಲಿನಲ್ಲಿ ನೆಲದ ಬಳಿಯ ಗಾಳಿ ಬಿಸಿ, ಶಬ್ದ ಮೇಲಕ್ಕೆ ಬಾಗಿ ಹೋಗುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ತಂಪುಗಾಳಿ ಕೆಳಗೂ ಬೆಚ್ಚನೆಯದು ಮೇಲೂ ಇರುವುದರಿಂದ ಶಬ್ದ ಕೆಳಕ್ಕೆ ಬಾಗಿ, ಹೊಳೆಯ ನೀರಿನ ಮೇಲೆ ಜಾರಿ ಆಚೆ ದಡದ ಮನೆಯೊಳಗೆ ಇಳಿಯುತ್ತದೆ. “ಆಚೆ ಮನೆಯಲ್ಲಿ ಮಲಗಿದವರು ಟಿಕೆಟ್ ತಗೊಂಡಿಲ್ಲ ಸಾರ್” ಎಂದ. ಇಲ್ಲಿ ಯಾರೂ ಟಿಕೆಟ್ ತೆಗೆದುಕೊಂಡಿರಲಿಲ್ಲ, ಅದು ಬೇರೆ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಹರಿದಿನಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸರಕಾರ ಸಡಿಲಿಸಬಹುದು. ಹುಡುಗರು ಅದಕ್ಕೆ ಹೋಗಿರಲಿಲ್ಲ. ಹತ್ತಕ್ಕೆ ಐದು ನಿಮಿಷವಿರುವಾಗ ಮಂಗಳ ಹಾಡಿದರು.

ಹಾಡಿದವಳು ಕಾಲೇಜು ಓದುವ ಊರಿನ ಹುಡುಗಿ. ಚಪ್ಪಲಿ ಬಿಟ್ಟು ವೇದಿಕೆ ಹತ್ತಿದ್ದಳು. ಇಬ್ಬನಿಯಿಂದ ಹಲಗೆ ಮಿರುಗುತ್ತಿತ್ತು. ತಂತಿಯ ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ಹಿಡಿದು, ಕಣ್ಣು ಮುಚ್ಚಿ ಹಾಡಿದಳು. ನಾನು ಹಾಡು ಕೇಳಲಿಲ್ಲ, ಅವಳ ಕಾಲನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಎಲ್ಲರಿಗಿಂತ ತಡವಾಗಿ ಚಪ್ಪಾಳೆ ತಟ್ಟಿದವನು ನಾನಿರಬೇಕು.

ರಾತ್ರಿ ಪೆಟ್ಟಿಗೆಗಳನ್ನು ಟೆಂಪೊಗೆ ಏರಿಸಿದ ಮೇಲೆ ಕಟ್ಟಕಡೆಗೆ ಸರಳು ಕಿತ್ತರು. ಎರಡಾಳು ಅಲ್ಲಾಡಿಸಬೇಕಾಯಿತು. ಬಸಿಗಾಲುವೆಯ ನೀರಿನಲ್ಲಿ ಅದರ ಮಣ್ಣು ತೊಳೆದು, ಒರೆಸಿ, ಗೋಣಿಯಲ್ಲಿ ಸುತ್ತಿ ಇಟ್ಟರು.

ಸಂಕ್ರಾಂತಿ ಕಳೆದು ಶಾಲೆ ತೆರೆದಾಗ ಹತ್ತನೆಯ ತರಗತಿಯ ಮಕ್ಕಳ ಕೈಗೆ ಸ್ಕ್ರೂ ಡ್ರೈವರ್ ಕೊಟ್ಟು, ನಮ್ಮಲ್ಲಿದ್ದ ಎಕ್ಸ್‌ಟೆನ್‌ಷನ್ ಬೋರ್ಡುಗಳನ್ನೆಲ್ಲ ಬಿಚ್ಚಿಸಿದೆ. ಮೂರು ಬೋರ್ಡುಗಳಲ್ಲಿ ಮೂರನೆಯ ತೂತಿನ ಹಿಂದೆ ಏನೂ ಇರಲಿಲ್ಲ. ಮಕ್ಕಳೇ ಹೊಸ ವೈರು ಹಾಕಿದರು. ಓದುಗರೂ ತಮ್ಮೂರಿನ ಗಣಪತಿ ಪೆಂಡಾಲಿನಲ್ಲಿ, ಶಾಲೆಯ ಅಂಗಳದಲ್ಲಿ ಮೈಕು ಕಟ್ಟುವವರನ್ನು ಒಂದು ಮಾತು ಕೇಳಲಿ, “ಅರ್ಥಿಂಗ್ ಎಲ್ಲಿದೆ, ತೋರಿಸಿ” ಎಂದು. ಬಲ್ಲವರು ಬೇಸರಪಡುವುದಿಲ್ಲ. ಕರೆದುಕೊಂಡು ಹೋಗಿ ತೋರಿಸುತ್ತಾರೆ.